ಕಂಡವಳು ಎತ್ತಬಾರದು

ಮೊನ್ನೆ ಸಂತೆಯ ದಿನ ಮಿಡಿಗೇಶಿಯಿಂದ ಬಂದ ಬಸ್ಸಿನ ಕಂಡಕ್ಟರು ಕೆಳಗಿಳಿಯುವ ಮೊದಲೇ ಬಾಗಿಲಲ್ಲಿ ಜೋತುಬಿದ್ದು, "ಸ್ವಾಮಿ, ನಿಮ್ಮ ಕಲ್ಲಜ್ಜಿ ಹೋಗ್ಬುಟ್ಲು" ಎಂದ. ಸಾವಿನ ಸುದ್ದಿ ಕೇಳಿದವನು ಒಂದು ಗಳಿಗೆ ಸುಮ್ಮನಿರಬೇಕು, ಎರಡು ಹನಿ ಕಣ್ಣೀರಾದರೂ ಹಾಕಬೇಕು. ನಾನು ಹಾಗೆ ಮಾಡಲಿಲ್ಲ. ಮಧುಗಿರಿಯ ಅಂಚೆ ಕಚೇರಿಯ ಮುಂದೆ ಆ ಕಂಡಕ್ಟರನ ತೋಳು ಹಿಡಿದು ನಿಲ್ಲಿಸಿಕೊಂಡು ಆಕೆಯ ಕಥೆ ಹೇಳಲು ಶುರುಮಾಡಿದೆ. ಡ್ರೈವರು ಮೂರು ಸಲ ಹಾರನ್ನು ಹೊಡೆದ. ನಾನು ಬಿಡಲಿಲ್ಲ. ಅವನು ಪಾಪ ಕಥೆಯ ಅರ್ಧದಲ್ಲೇ ತೋಳು ಬಿಡಿಸಿಕೊಂಡು ಓಡಿದ. ಉಳಿದ ಅರ್ಧ ನನ್ನ ಗಂಟಲಲ್ಲೇ ಉಳಿಯಿತು, ಆದ್ದರಿಂದ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಹೆಸರೆಂದರೆ ಆಕೆಗೆ ಎಷ್ಟು ಭಯವಿತ್ತು ಎಂಬುದು ಓದುತ್ತ ಹೋದರೆ ತಿಳಿಯುತ್ತದೆ. ನಾನು ಮಹಾರಾಜರ ಸರ್ಕಾರದ ಗಣಿ ಇಲಾಖೆಯಲ್ಲಿ ಪಿಂಚಣಿ ಬರುವ ತನಕ ಕಲ್ಲು ಹುಡುಕಿದವನು. ಆಕೆ ಮಿಡಿಗೇಶಿಯ ಹತ್ತಿರದ ಒಂದು ಹಳ್ಳಿಯ ಕೂಲಿ ಹೆಂಗಸು. ನನಗೆ ಸಂಬಳ, ಸುತ್ತಿಗೆ, ದಿಕ್ಸೂಚಿ, ನಕ್ಷೆ ಎಲ್ಲ ಇದ್ದವು. ಆಕೆಗೆ ಇದ್ದದ್ದು ಎರಡು ಕಣ್ಣು.

ಗಣಿ ಎಂದರೆ ಜನಕ್ಕೆ ಕೋಲಾರದ ಕಡೆಯ ಪಾತಾಳದಂಥ ಬಾವಿಗಳು, ತೊಟ್ಟಿಲಲ್ಲಿ ಇಳಿಯುವ ಆಳುಗಳು ನೆನಪಾಗುತ್ತಾರೆ. ನಮ್ಮ ಮಧುಗಿರಿ, ಪಾವಗಡದ ಕಡೆ ಗಣಿ ಎಂದರೆ ಉತ್ತ ಹೊಲ, ಅಷ್ಟೆ. ಮಳೆ ಬಿದ್ದು ಮಣ್ಣು ತೊಳೆದ ಮೇಲೆ ಸಾಲಿನಲ್ಲಿ ಕುರುಂದದ ಕಲ್ಲು ತಲೆ ಎತ್ತುತ್ತದೆ. ಮಾಸಲು ಕೆಂಪು, ಬೂದಿ, ಕೆಲವೊಮ್ಮೆ ನೇರಳೆಯ ಛಾಯೆ. ಆರು ಮುಖ, ನಡುವೆ ಉಬ್ಬಿ ಎರಡು ಕಡೆ ಸಣ್ಣಗಾದ ಆಕಾರ. ನೋಡಲು ಏನೂ ಅಲ್ಲ. ಆದರೆ ವಜ್ರ ಬಿಟ್ಟರೆ ಇದಕ್ಕಿಂತ ಗಟ್ಟಿಯಾದದ್ದು ಭೂಮಿಯಲ್ಲಿಲ್ಲ. ಸಾಣೆ ಹಿಡಿಯುವವರಿಗೆ, ರತ್ನಕ್ಕೆ ಮೆರುಗು ಕೊಡುವವರಿಗೆ, ಕಾರ್ಖಾನೆಯವರಿಗೆ ಇದೇ ಬೇಕು. ಗುತ್ತಿಗೆದಾರರು ಹೆಂಗಸರ ಗುಂಪು ಕಟ್ಟಿ ಹೊಲಗಳಲ್ಲಿ ಆರಿಸುತ್ತಿದ್ದರು. ಕಷ್ಟವೇನೆಂದರೆ, ಒಂದು ಕುರುಂದದ ಕಲ್ಲು ಇರುವ ಕಡೆ ಸಾವಿರ ಬೆಣಚುಕಲ್ಲು ಇರುತ್ತದೆ, ಕೆಸರು ಮೆತ್ತಿದರೆ ಎಲ್ಲದರ ಮುಖವೂ ಒಂದೇ.

ಆಕೆಯ ಸುದ್ದಿ ನನಗೆ ಮೊದಲು ಸಿಕ್ಕಿದ್ದು ಸಿರಾದಲ್ಲಿ, ಸಾಣೆ ಹಿಡಿಯುವ ಒಬ್ಬ ಮುದುಕ ಸಾಬರಿಂದ. "ಬೇರೆ ಗುಂಪಿಂದು ಚೀಲ ಬಂದ್ರೆ ನಾನು ನೆಲಕ್ಕೆ ಸುರಿದು ಒಂದೊಂದೇ ನೋಡ್ತೀನಿ ಸಾಬ್. ಆ ಮಿಡಿಗೇಶಿ ಅಮ್ಮಾಂದು ಗುಂಪಿನ ಚೀಲ ಬಂದ್ರೆ ಗಂಟು ಕೂಡ ಬಿಚ್ಚಲ್ಲ. ಪೂರಾ ಅಸಲಿ ಮಾಲು" ಎಂದರು ಅವರು. ಆಗ ನಾನು ಕೆಲಸಕ್ಕೆ ಸೇರಿ ಏಳೆಂಟು ವರ್ಷವಾಗಿತ್ತು. ಪಾವಗಡದ ಕಡೆ ಹದಿನೈದು ದಿನ ಬಿಸಿಲಲ್ಲಿ ಅಲೆದು, ಬೆಣಚುಕಲ್ಲು ಬಿಟ್ಟು ಏನೂ ಸಿಗದೆ, ಮೇಲಿನವರಿಗೆ ಏನು ಬರೆಯಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದೆ. ಮಾನ ಬಿಟ್ಟು ಆಕೆಯನ್ನು ಹುಡುಕಿಕೊಂಡು ಹೋದೆ.

ಆಕೆ ಹೊಲದಲ್ಲಿ ನಡೆಯುವುದನ್ನು ನೋಡಬೇಕಿತ್ತು. ಹೆಂಗಸರೆಲ್ಲ ಸಾಲಾಗಿ ಬಗ್ಗಿಕೊಂಡು ಬಂದರೆ ಈಕೆ ಒಬ್ಬಳೇ ನೆಟ್ಟಗೆ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಶಾಲಾ ತನಿಖೆಗೆ ಬಂದ ಇನ್‌ಸ್ಪೆಕ್ಟರರ ಹಾಗೆ ಬರುತ್ತಿದ್ದಳು. ಬೆಳಗಿನ ಎಳೆಬಿಸಿಲು ಮುಖಕ್ಕೆ ಬರುವಂತೆ ನಡೆಯಬೇಕು, ಕಾಲ ಬುಡ ನೋಡಬಾರದು, ನಾಲ್ಕು ಮಾರು ಮುಂದೆ ನೋಡಬೇಕು. ಬಾಯಲ್ಲಿ ಎಲೆಯಡಿಕೆ. ಇದ್ದಕ್ಕಿದ್ದಂತೆ ನಿಲ್ಲುತ್ತಿದ್ದಳು. ಬಲಗಾಲಿನ ಹೆಬ್ಬೆರಳು ಚಾಚಿ ಒಂದು ಕಡೆ ತೋರಿಸುತ್ತಿದ್ದಳು. ಪಕ್ಕದಲ್ಲಿದ್ದವಳು ಬಗ್ಗಿ ಎತ್ತುತ್ತಿದ್ದಳು. ಕಲ್ಲೇ. ಪ್ರತಿ ಸಲವೂ ಕುರುಂದದ ಕಲ್ಲೇ. ನಾನು ಅರ್ಧ ದಿನ ಹಿಂದೆ ಹಿಂದೆ ನಡೆದೆ, ಒಂದು ಸಲವೂ ತಪ್ಪಲಿಲ್ಲ.

"ನೀವೇ ಯಾಕೆ ಎತ್ತೋದಿಲ್ಲಮ್ಮ?" ಎಂದು ಕೇಳಿದೆ.

"ಕಂಡೋಳು ಎತ್ತಬಾರ್ದು ಬುದ್ಧಿ. ಎತ್ತಿದೋಳು ಕಂಡೆ ಅನ್ನಬಾರ್ದು" ಎಂದಳು. "ಕಣ್ಣಿನ ಪಾಲು ಕಣ್ಣಿಗೆ, ಕೈ ಪಾಲು ಕೈಗೆ. ಎರಡನ್ನೂ ಒಬ್ಳೇ ಇಟ್ಕೊಂಡ್ರೆ ಕಣ್ಣು ಹೋಯ್ತದೆ."

ಅವರ ಗುಂಪಿನ ಕಟ್ಟಳೆ ಅದು. ಕಲ್ಲು ಕಾಣುವ ಕಣ್ಣು ಭೂಮಿತಾಯಿ ಕೊಟ್ಟದ್ದು. ಕಂಡವಳು ತಾನೇ ಬಾಚಿಕೊಂಡರೆ, ಅಥವಾ 'ಇದು ನಾನು ಕಂಡದ್ದು' ಎಂದು ಬಾಯಿಬಿಟ್ಟು ಹೇಳಿಕೊಂಡರೆ, ತಾಯಿ ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುತ್ತಾಳೆ. ಆದ್ದರಿಂದ ಕಾಣುವವಳು ಒಬ್ಬಳು, ಎತ್ತುವವಳು ಇನ್ನೊಬ್ಬಳು. ಆಕೆಯ ಪಾಲಿಗೆ ಎತ್ತುವವಳು ಓಬಕ್ಕ. ಪಾವಗಡದ ಆಚೆಯಿಂದ ಮದುವೆಯಾಗಿ ಬಂದವಳು, ಮಾತಿನಲ್ಲಿ ಅರ್ಧ ತೆಲುಗು, ಗಂಟಲು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು.

ಅವತ್ತು ಮಧ್ಯಾಹ್ನ ಓಬಕ್ಕ ನೀರು ತರಲು ಹೋಗಿದ್ದಳು. ಒಂದು ಕಲ್ಲುಗುಡ್ಡದ ಇಳಿಜಾರಿನಲ್ಲಿ, ಯಾರೂ ಆರಿಸದ ಜಾಗದಲ್ಲಿ, ಆಕೆ ನಿಂತಳು. ಹೆಬ್ಬೆರಳು ಚಾಚಿದಳು. "ಓಬಕ್ಕ ಇಲ್ಲ. ನೀವೇ ಎತ್ಕಳಿ ಬುದ್ಧಿ" ಎಂದಳು. ನಾನು ಬಗ್ಗಿ ಎತ್ತಿದೆ. ಮುಷ್ಟಿಗಾತ್ರದ ಕಲ್ಲು, ಆರು ಮುಖವೂ ಕಡೆದಿಟ್ಟಂತೆ. ಅಂಗೈಯಲ್ಲಿ ಕೂತ ಅದರ ಭಾರ ಇನ್ನೂ ನೆನಪಿದೆ. ಅಗೆಸಿ ನೋಡಿದರೆ ಇಳಿಜಾರಿನ ಉದ್ದಕ್ಕೂ ಕಲ್ಲು. ಆ ಕಡೆಯ ಅತ್ಯಂತ ಒಳ್ಳೆಯ ಕುರುಂದದ ನೆಲೆ ಅದು. ನಾನು ಬಿಡಾರಕ್ಕೆ ಓಡಿ ಬಂದು ವರದಿ ಬರೆದೆ. 'ನಾನು ಕಂಡುಹಿಡಿದೆ' ಎಂದು ಬರೆದೆ. ಬರೆಯುವಾಗ ನನಗೆ ಸುಳ್ಳು ಬರೆಯುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ, ಎತ್ತಿದವನು ನಾನೇ ತಾನೇ. ಇಲಾಖೆಯ ನೆಲೆಗಳ ರಿಜಿಸ್ಟರಿನಲ್ಲಿ 'ಕಂಡುಹಿಡಿದವರು' ಎಂಬ ಕಲಮಿನಲ್ಲಿ ನನ್ನ ಹೆಸರು ಕೂತಿತು. ನನಗೆ ಬಡ್ತಿ ಬಂತು, ಸರ್ಕಾರದ ಸೈಕಲ್ಲೂ ಬಂತು. ಆ ಸೈಕಲ್ಲಿನಲ್ಲಿ ಬೆಲ್ಲು ಹೊಡೆಯುತ್ತ ಆಕೆ ಆರಿಸುವ ಹೊಲದ ಪಕ್ಕದಲ್ಲೇ ಎಷ್ಟೋ ಸಲ ಹೋಗಿದ್ದೇನೆ. ಆಕೆ ಒಂದು ದಿನವೂ ಒಂದು ಮಾತೂ ಅನ್ನಲಿಲ್ಲ.

ಆಮೇಲಿನ ಹದಿನೈದು ವರ್ಷದಲ್ಲಿ ಆಕೆಯ ಜೊತೆ ನಾನು ಸುತ್ತಿದ ಹೊಲಗಳಿಗೆ ಲೆಕ್ಕವಿಲ್ಲ. ಬಸ್ಸಿನಲ್ಲಿ ಆಕೆಯ ಜೊತೆ ಹೋಗುವುದು ಒಂದು ಪರೀಕ್ಷೆ. ಕಿಟಕಿಯ ಪಕ್ಕ ಕೂತವಳು ತಟ್ಟನೆ "ನಿಲ್ಸಪ್ಪಾ" ಎಂದುಬಿಡುವಳು. ಯಾರಿಗೋ ವಾಂತಿ ಬಂತೆಂದು ಡ್ರೈವರು ಬ್ರೇಕು ಹಾಕಿದರೆ, ಈಕೆ ಕೂತಲ್ಲಿಂದ ಏಳದೆ ಕಂಡಕ್ಟರನಿಗೆ, "ಆ ಮೋರಿ ಪಕ್ದಾಗೆ ಒಂದ್ ಕಲ್ಲದೆ, ಎತ್ಕೊಂಡ್ ಬಾ ಮಗಾ" ಎನ್ನುವಳು. ಅವನು ಗೊಣಗುತ್ತ ಹೋಗಿ ತಂದುಕೊಡುವನು. ಆ ಕಲ್ಲನ್ನು ಆಕೆ ಮುಟ್ಟುತ್ತಿರಲಿಲ್ಲ, ನನ್ನ ಜೇಬಿಗೆ ಹಾಕಿಸುತ್ತಿದ್ದಳು. ಇಂಥ ಕಣ್ಣಿಗೆ ಮನೆಯಲ್ಲಿ ತನ್ನ ಎಲೆಯಡಿಕೆಯ ಚೀಲ ಕಾಣುತ್ತಿರಲಿಲ್ಲ. ಸೊಂಟದಲ್ಲೇ ಸಿಕ್ಕಿಸಿಕೊಂಡು ಮನೆಯೆಲ್ಲ ತಡಕಾಡಿ, ಸೊಸೆಯನ್ನು ಬೈದು, ಕೊನೆಗೆ ಓಬಕ್ಕ ಬಂದು ಸೊಂಟ ತೋರಿಸಬೇಕು. "ಊರ ಹೊಲ ಎಲ್ಲಾ ಕಾಣ್ತದೆ, ನಿನ್ನ ನಡುವೇ ಕಾಣಲ್ವಲ್ಲೇ" ಎಂದು ಓಬಕ್ಕ ರೇಗಿಸಿದರೆ, "ಅದಕ್ಕೇ ನಿನ್ನ ಇಟ್ಕೊಂಡಿರಾದು ಕಣಮ್ಮ" ಎನ್ನುವಳು.

ಕಲ್ಲು ಅಸಲಿಯೋ ಅಲ್ಲವೋ ಎಂದು ನಾವು ಬೆಣಚುಕಲ್ಲಿನ ಮೇಲೆ ಗೀರಿ ನೋಡುತ್ತೇವೆ, ತಕ್ಕಡಿಯಲ್ಲಿ ತೂಗಿ, ನೀರಿನಲ್ಲಿ ಅದ್ದಿ ತೂಗಿ, ಪುಸ್ತಕ ತೆಗೆದು ನೋಡುತ್ತೇವೆ. ಒಂದು ಸಲ ನಾನು ಇದೆಲ್ಲ ಮಾಡುವುದನ್ನು ಆಕೆ ಬೇಲಿಯ ಪಕ್ಕ ಕೂತು ಬಹಳ ಹೊತ್ತು ನೋಡಿದಳು. ನನಗೆ ಉತ್ತರ ಬಂತು: ಅಸಲಿ. "ಹೂಂ ಬುದ್ಧಿ, ಅಂಗೇ ಅಂತ ನಂಗೂ ಅನ್ನಿಸ್ತು" ಎಂದು ಗಂಭೀರವಾಗಿ ತಲೆಯಾಡಿಸಿದಳು. ಓಬಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ನನಗೂ ನಗು ಬಂತು.

ಹೀಗಿರುವಾಗ ಒಂದು ಬೇಸಿಗೆ ಬೆಂಗಳೂರಿನಿಂದ ಸುತ್ತೋಲೆ ಬಂತು. ಗಣಿ ಕಸುಬಿನಲ್ಲಿ ಬಾಳೆಲ್ಲ ಸೇವೆ ಸಲ್ಲಿಸಿದವರೊಬ್ಬರಿಗೆ ಸರ್ಕಾರದಿಂದ ಶಾಲು, ಬೆಳ್ಳಿಯ ಪದಕ, ತುಮಕೂರಿನ ವಸ್ತುಪ್ರದರ್ಶನದ ವೇದಿಕೆಯ ಮೇಲೆ ಮರ್ಯಾದೆ. ಯೋಗ್ಯರ ಹೆಸರು ಸೂಚಿಸತಕ್ಕದ್ದು. ಓದಿದ ಮರುಗಳಿಗೆಗೆ ನಾನು ಸೈಕಲ್ ಏರಿದ್ದೆ. ಊಟ ಮಾಡಿ ಹೋಗಿ ಎಂದು ನನ್ನಾಕೆ ಕೂಗಿದ್ದು ಬೀದಿಯ ತಿರುವಿನಲ್ಲಿ ಕೇಳಿಸಿತು. ಮಿಡಿಗೇಶಿಯ ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಅರ್ಜಿಯ ಒಕ್ಕಣೆ ಕಟ್ಟುತ್ತ, ನಡುವೆ ಗಟ್ಟಿಯಾಗಿ ಓದಿಕೊಳ್ಳುತ್ತ, ಎದುರು ಬಂದ ಗಾಡಿಯವರು ನಗುವಂತೆ ಪೆಡಲು ತುಳಿದೆ.

ಆಕೆ ಪೂರ್ತಿ ಕೇಳಿದಳು. "ಬ್ಯಾಡ ಬುದ್ಧಿ" ಎಂದಳು.

"ಆಸೆ ಇಲ್ಲವೇ?"

"ಆಸೆ ಇಲ್ದೆ ಏನು, ನಾನೇನ್ ಸನ್ನೇಸಿನಾ? ಶಾಲು ಹೊದ್ಕೊಂಡು ನಾಕು ಜನದ ಮುಂದೆ ನಿಂತ್ಕಳಾದು ಅಂದ್ರೆ ಯಾರಿಗ್ ಬ್ಯಾಡ. ಆದ್ರೆ ಕಂಡೋಳು ಇವ್ಳೇ ಅಂತ ಕೂಗಿ ಹೇಳ್ತಾರಲ್ಲ, ಅದು ಬ್ಯಾಡ. ನಮ್ಮತ್ತೆ ಕಥೆ ಗೊತ್ತಿಲ್ವಾ ನಿಮಗೆ."

ಆಗ ಹೇಳಿದಳು. ಆಕೆಗೆ ಹೊಲ ನಡೆಯುವುದನ್ನು ಕಲಿಸಿದವಳು ಅತ್ತೆ. ಅತ್ತೆಯ ಕಣ್ಣು ಇನ್ನೂ ಚುರುಕಂತೆ. ಒಂದು ಮದುವೆಯ ಮನೆಯಲ್ಲಿ ಬೀಗರ ಮುಂದೆ, ಇಂಥಿಂಥ ಹೊಲದ ಕಲ್ಲೆಲ್ಲ ಕಂಡವಳು ನಾನು ಎಂದು ಅತ್ತೆ ಜಂಬದಿಂದ ಹೇಳಿಕೊಂಡಳು. ಮುಂದಿನ ಮಳೆಗೆ ಬೆಣಚುಕಲ್ಲಿಗೆ ಹೆಬ್ಬೆರಳು ಚಾಚಿದಳು. ಅದರ ಮುಂದಿನ ಮಳೆಗೆ ಹೊಲಕ್ಕೇ ಬರಲಿಲ್ಲ. ನಾನು, ಅದು ಪೊರೆ ಬಂದದ್ದಮ್ಮ, ವಯಸ್ಸಾದವರಿಗೆಲ್ಲ ಬರುತ್ತದೆ ಎಂದೆ. "ಇರ್ಬೋದು. ಮದ್ವೆಮನೆ ಮಾತಾದ ಮ್ಯಾಲೇ ಯಾಕ್ ಬಂತು?" ಎಂದಳು. ಹೀಗೆ ಹೇಳುತ್ತಿದ್ದ ಆಕೆಗೂ ಆಗಲೇ ಅರವತ್ತು ದಾಟಿತ್ತು.

"ನೀವು ಹೇಳಿಕೊಳ್ಳಬೇಡಿ. ನಾನು ಹೇಳ್ತೀನಿ. ಬೇರೆಯವರು ಹೇಳಿದರೆ ದೋಷ ಇದೆಯೇ?"

ಆಕೆ ಎಲೆಗೆ ಸುಣ್ಣ ಸವರಿ ಮಡಚಿದಳು. "ಗೊತ್ತಿಲ್ಲ ಬುದ್ಧಿ" ಎಂದಳು. "ಇದುವರ್ಗೂ ಯಾರೂ ಹೇಳಿಲ್ವಲ್ಲ."

ಓಬಕ್ಕ ಮಾತ್ರ ಅಲ್ಲೇ ಕುಣಿದಾಡಿಬಿಟ್ಟಳು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹಬ್ಬಿಸಿದಳು. ಆಕೆ ಇನ್ನೂ ಹೂಂ ಎಂದಿರಲಿಲ್ಲ, ಮತ್ತೊಮ್ಮೆ ಬೇಡ ಎಂದೂ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ನಾನು ಬಂದು ಅರ್ಜಿ ತುಂಬಲು ಕೂತೆ. ಎಲ್ಲ ಸರಾಗವಾಗಿ ಬಂತು, ಒಂದು ಕಲಮಿನವರೆಗೆ: 'ಇವರು ಕಂಡುಹಿಡಿದ ಮುಖ್ಯ ನೆಲೆ ಯಾವುದು, ರಿಜಿಸ್ಟರಿನ ಎಷ್ಟನೆಯ ಪುಟ.' ಅಲ್ಲಿ ನನ್ನ ಪೆನ್ನು ನಿಂತಿತು. ಆ ಪುಟ ನನಗೆ ಬಾಯಿಪಾಠ. ಅದರಲ್ಲಿ ಯಾರ ಹೆಸರಿದೆ ಎಂಬುದೂ ಬಾಯಿಪಾಠ. ನಾನು 'ಅನೇಕ ನೆಲೆಗಳಲ್ಲಿ ಸಹಾಯ ಮಾಡಿರುತ್ತಾರೆ' ಎಂದು ಬರೆದು ಲಕೋಟೆ ಅಂಟಿಸಿದೆ. ಆಕೆಗಾಗಿ ಅಷ್ಟು ದೂರ ಸೈಕಲ್ ತುಳಿದ ನನಗೆ ಆ ಒಂದು ಸಾಲು ಬರೆಯುವ ಧೈರ್ಯ ಬರಲಿಲ್ಲ.

ಭರಣಿ ಮಳೆ ಬಿದ್ದ ಮರುದಿನ, ವಿಚಾರಣೆಗೆ ನೇಮಕವಾದ ಸಾಹೇಬರು ಮೋಟಾರಿನಲ್ಲಿ ಮಧುಗಿರಿಗೆ ಬಂದು ಬಂಗಲೆಯಲ್ಲಿ ಇಳಿದರು. ಜರಿಪೇಟ, ಮುಚ್ಚುಕೋಟು, ಮೂಗಿನ ತುದಿಗೆ ಕನ್ನಡಕ, ಸ್ಥೂಲ ಶರೀರ. ಅಂತಿಮವಾಗಿ ಉಳಿದಿದ್ದ ಹೆಸರು ಎರಡೇ. ಇನ್ನೊಂದು ಕೊರಟಗೆರೆಯ ಒಬ್ಬ ಗುತ್ತಿಗೆದಾರರದು. ಅವರು ಹೊಲದ ಕೆಸರು ತುಳಿದವರಲ್ಲ, ಆದರೆ ಕಟ್ಟು ಹಾಕಿಸಿದ ಪ್ರಶಂಸಾಪತ್ರಗಳನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬಂದಿದ್ದರು. ನಮ್ಮ ಕಡೆ ಓಬಕ್ಕ ಮತ್ತು ಗುಂಪಿನ ಇನ್ನಿಬ್ಬರು ಹೆಂಗಸರು, ಮದುವೆಗೆ ಬಂದವರ ಹಾಗೆ ತಲೆಗೆ ಎಣ್ಣೆ ಹಾಕಿ ಬಾಚಿ, ಹೂ ಮುಡಿದು ಬಂದಿದ್ದರು. ಆಕೆ ಬಂಗಲೆಯ ಮೆಟ್ಟಿಲ ಪಕ್ಕದಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು.

"ಈಕೆ ನಿಮ್ಮ ಗುಂಪಿನಲ್ಲಿ ಎಷ್ಟು ಕಾಲದಿಂದ ಇದ್ದಾಳೆ?" ಸಾಹೇಬರು ಓಬಕ್ಕನನ್ನು ಕೇಳಿದರು.

"ನಾನು ಪೆಳ್ಳಿ ಆಗಿ ಬಂದಾಗಿಂದ್ಲೂ ಸಾಮೀ."

"ದಿನಕ್ಕೆ ಎಷ್ಟು ಕಲ್ಲು ಎತ್ತುತ್ತಾಳೆ?"

ಓಬಕ್ಕ ಎದೆಯುಬ್ಬಿಸಿಕೊಂಡಳು. "ಲೇದು ಸಾಮೀ. ಒಕ್ಕಟಿ ಕೂಡಾ ಎತ್ತಲೇದು."

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಒಂದೂ ಇಲ್ಲವೇ?"

"ಒಂದೂ ಇಲ್ಲ. ಇಷ್ಟು ವರ್ಷದಾಗೆ ಒಂದ್ ದಿನಾನೂ ಬಗ್ಗಿಲ್ಲ ಆಯಮ್ಮ."

ಎರಡನೆಯವಳನ್ನು ಕರೆದರು. "ದೇವ್ರಾಣೆ ಇಲ್ಲ ಸ್ವಾಮಿ. ಕೈ ಬೆನ್ನ ಹಿಂದೇನೇ." ಮೂರನೆಯವಳಂತೂ ಕೇಳುವ ಮೊದಲೇ, "ನಾನೂ ನೋಡಿಲ್ಲ ಬುದ್ಧಿ, ಕಲ್ಲು ಮುಟ್ಟಿದ್ದೇ ನೋಡಿಲ್ಲ" ಎಂದು ಕೆನ್ನೆ ಬಡಿದುಕೊಂಡಳು. ಮೂವರ ಮುಖವೂ ಹೆಮ್ಮೆಯಿಂದ ಹೊಳೆಯುತ್ತಿತ್ತು. ಅವರ ಮಟ್ಟಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಒಂದು ವ್ರತವನ್ನು ಬಾಳೆಲ್ಲ ಮುರಿಯದೆ ನಡೆಸಿದಳು ಎಂದು ಸರ್ಕಾರದ ಮುಂದೆ ಸಾಕ್ಷಿ ನುಡಿಯುತ್ತಿದ್ದರು. ನಾನು ತಲೆಯ ಮೇಲೆ ಕೈಹೊತ್ತು ಕೂತೆ.

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. "ಏನ್ರೀ ಇದು? ಕಲ್ಲನ್ನೇ ಮುಟ್ಟದವಳಿಗೆ ಗಣಿಯ ಮರ್ಯಾದೆಯೇ? ಸಾಕ್ಷಿಗಳನ್ನು ನೀವೇ ತಾನೇ ಕರೆಸಿದ್ದು?"

ನಾನು ಎದ್ದು ಕಟ್ಟಳೆಯನ್ನು ವಿವರಿಸಿದೆ. ಗಾಬರಿಯಲ್ಲಿ ಎರಡೆರಡು ಸಲ ವಿವರಿಸಿದೆ. ಅವರು, "ಹಾಗಾದರೆ ಆಕೆಯೇ ಹೇಳಲಿ. ಯಾವ ನೆಲೆ ತಾನು ಕಂಡದ್ದು ಎಂದು ಒಂದು ಮಾತು ಹೇಳಿದರೆ ಬರೆದುಕೊಳ್ಳುತ್ತೇನೆ" ಎಂದರು. ಎಲ್ಲರೂ ಆಕೆಯ ಕಡೆ ತಿರುಗಿದೆವು. ಆಕೆ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿದಳು.

"ನಾನ್ ಏನೂ ಹೇಳಾಕಿಲ್ಲ ಬುದ್ಧಿ. ಮಳೆ ಬಂದದೆ, ಬಿಸ್ಲು ಇನ್ನೂ ಏರಿಲ್ಲ. ಹೊಲಕ್ ಬನ್ನಿ. ಎತ್ತೋರು ನೀವಾಗಿ."

ಸಾಹೇಬರಿಗೆ ಕೋಪ ಬರಬೇಕಿತ್ತು. ಬರಲಿಲ್ಲ, ಯಾಕೋ ಕುತೂಹಲ ಬಂತು. ಗುತ್ತಿಗೆದಾರರನ್ನು ಅಲ್ಲೇ ಬಿಟ್ಟು, ನಮ್ಮನ್ನೆಲ್ಲ ಮೋಟಾರಿಗೆ ತುಂಬಿಸಿಕೊಂಡು ಹೊರಟರು. ಹೊಲದ ಬದುವಿನಲ್ಲಿ ಅವರು ಬೂಟು ಕಳಚಿ, ಪಂಚೆ ಎತ್ತಿಕಟ್ಟಿ, ಕೆಸರಿಗೆ ಕಾಲಿಟ್ಟರು. ಆಕೆ ಎಂಟು ಹೆಜ್ಜೆ ನಡೆದು ನಿಂತಳು. ಹೆಬ್ಬೆರಳು ಚಾಚಿದಳು. ಸಾಹೇಬರು ಏದುಸಿರು ಬಿಡುತ್ತ ಬಗ್ಗಿ ಕೆಸರಿನ ಉಂಡೆಯೊಂದನ್ನು ಎತ್ತಿ ಉತ್ತರೀಯದಲ್ಲೇ ಒರೆಸಿದರು. ಆರು ಮುಖ ಒಂದೊಂದಾಗಿ ಹೊರಬಂದವು. ಅಂಗೈಯಲ್ಲಿಟ್ಟು ತೂಗಿ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಹದಿನೈದು ವರ್ಷದ ಹಿಂದಿನ ನನ್ನ ಮುಖ ಅಲ್ಲಿತ್ತು.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಎರಡನೆಯದು, ಮೂರನೆಯದು. ಪೇಟ ತೆಗೆದು ಓಬಕ್ಕನ ಕೈಗೆ ಕೊಟ್ಟರು. ನಾಲ್ಕನೆಯದರ ಹೊತ್ತಿಗೆ ಆಕೆಗಿಂತ ಮುಂದೆ ಓಡುತ್ತ, "ಎಲ್ಲಿ, ಎಲ್ಲಿ ತೋರಿಸು" ಎನ್ನುತ್ತಿದ್ದರು. ಒಮ್ಮೆ ತಾವೇ ಒಂದನ್ನು ಎತ್ತಿ, "ಇದು ನಾನೇ ನೋಡಿದೆ" ಎಂದು ತೋರಿಸಿದರು. "ಅದು ಬೆಣಚು ಬುದ್ಧಿ, ಬಿಸಾಕಿ" ಎಂದಳು ಆಕೆ. ಬಿಸಾಡಿದರು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಸರ್ಕಾರದ ಜರಿಪೇಟದೊಳಗೆ ಹನ್ನೊಂದು ಕಲ್ಲುಗಳಿದ್ದವು. ಓಬಕ್ಕ ಅದನ್ನು ಮೊರದ ಹಾಗೆ ಎರಡು ಕೈಯಲ್ಲಿ ಹಿಡಿದಿದ್ದಳು. ನಾನಂತೂ ಬದುವಿನ ಮೇಲೆ ಕುಣಿಯುವುದೊಂದು ಬಾಕಿ. ಗೆದ್ದೆವು ಎಂದುಕೊಂಡೆ.

ಬಂಗಲೆಗೆ ವಾಪಸು ಬಂದೆವು. ಸಾಹೇಬರು ಕಾಲು ತೊಳೆಯುವುದನ್ನೂ ಮರೆತು ಮೇಜಿನ ಮೇಲೆ ಕಲ್ಲುಗಳನ್ನು ಸಾಲಾಗಿ ಜೋಡಿಸಿದರು. ಅಡುಗೆಯವನನ್ನು ಕರೆದರು. "ನೋಡಯ್ಯ, ಒಂದೇ ಬೆಳಗ್ಗೆ ಹನ್ನೊಂದು ಕಂಡುಹಿಡಿದೆ." ಡ್ರೈವರನಿಗೆ ಹೇಳಿದರು, "ಹನ್ನೊಂದು ಕಂಡುಹಿಡಿದೆ ಕಣಯ್ಯ." ಕೊರಟಗೆರೆಯ ಗುತ್ತಿಗೆದಾರರಿಗೂ ಹೇಳಿದರು. ಅವರು, ಸ್ವಾಮಿಯವರ ದೃಷ್ಟಿಯೇ ದೃಷ್ಟಿ ಎಂದರು. ಆಕೆ ಮೆಟ್ಟಿಲಿನ ಅಂಚಿಗೆ ಕಾಲಿನ ಕೆಸರು ಉಜ್ಜುತ್ತ ನಿಂತಿದ್ದಳು. ಸಾಹೇಬರು ಒಳ್ಳೆಯವರು, ಸುಳ್ಳುಗಾರರಲ್ಲ. ಅಂಗೈಯಲ್ಲಿ ಕೂತ ಭಾರ ಮನುಷ್ಯನಿಂದ ಆ ಮಾತು ಆಡಿಸುತ್ತದೆ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಸ್ವಾಮಿ" ಎಂದೆ. "ನಾನೂ ಹೀಗೆಯೇ ಒಂದು ಕಂಡುಹಿಡಿದಿದ್ದೆ."

ಅವರು ನಗುಮುಖದಿಂದಲೇ ತಿರುಗಿದರು. ನಾನು ರಿಜಿಸ್ಟರಿನ ಪುಟ ಹೇಳಿದೆ. ಕಲ್ಲುಗುಡ್ಡದ ಇಳಿಜಾರು ಹೇಳಿದೆ. ಅಂದು ಓಬಕ್ಕ ನೀರಿಗೆ ಹೋಗಿದ್ದು, ಹೆಬ್ಬೆರಳು, ಬಡ್ತಿ, ಸೈಕಲ್ಲು, ಎಲ್ಲ ಹೇಳಿದೆ. ಮಾತು ನಿಲ್ಲಿಸಲಾಗಲಿಲ್ಲ. ನನ್ನ ಹೆಸರಿರುವ ಜಾಗದಲ್ಲಿ ಇರಬೇಕಾದದ್ದು ಈಕೆಯ ಹೆಸರು ಎಂದೆ. ಅಷ್ಟೂ ಹೊತ್ತು ಆಕೆ ನೆಲ ನೋಡುತ್ತಿದ್ದಳು.

ಸಾಹೇಬರ ನಗು ನಿಧಾನವಾಗಿ ಇಳಿಯಿತು. "ಬರೆದುಕೊಂಡರೆ ಇದು ನಿಮ್ಮ ಸರ್ವೀಸು ಪುಸ್ತಕಕ್ಕೂ ಹೋಗುತ್ತದೆ. ಗೊತ್ತೇ?"

"ಬರೆದುಕೊಳ್ಳಿ."

ಅವರು ಪೆನ್ನಿನ ಮುಚ್ಚಳ ತೆಗೆದರು. ಮೇಜಿನ ಮೇಲಿನ ಹನ್ನೊಂದು ಕಲ್ಲುಗಳನ್ನು ಒಮ್ಮೆ ನೋಡಿದರು. "ಮೊದಲು ನನ್ನದನ್ನು ಸರಿಮಾಡಿಕೊಳ್ಳಬೇಕಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಗಟ್ಟಿಯಾಗಿ ಓದುತ್ತ ಬರೆದರು: "ಎತ್ತಿದವನು ನಾನು. ಕಂಡವಳು ಈಕೆ." ಗುತ್ತಿಗೆದಾರರು ಪ್ರಶಂಸಾಪತ್ರಗಳನ್ನು ಮತ್ತೆ ಆಳಿನ ತಲೆಗೆ ಏರಿಸಿದರು.

ಮೂರು ತಿಂಗಳಿಗೆ ಎರಡು ಕಾಗದ ಒಂದೇ ಟಪಾಲಿನಲ್ಲಿ ಬಂದವು. ಒಂದರಲ್ಲಿ ಆಕೆಗೆ ಮರ್ಯಾದೆ ಮಂಜೂರಾಗಿತ್ತು. ಇನ್ನೊಂದರಲ್ಲಿ ನನ್ನನ್ನು ಒಂದು ಮೆಟ್ಟಿಲು ಕೆಳಗಿಳಿಸಿ ಸೈಕಲ್ಲು ವಾಪಸು ಕೇಳಿದ್ದರು. ನನ್ನಾಕೆ ಎರಡನ್ನೂ ಓದಿಸಿಕೊಂಡು, "ಹೋಗಲಿ ಬಿಡಿ, ನಡೆದರೆ ಹೊಟ್ಟೆಯಾದರೂ ಕರಗುತ್ತೆ" ಎಂದಳು. ಅವಳಿಗೆ ಬೇಸರವಾಗಿತ್ತು, ನನಗೆ ಗೊತ್ತು. ಆದರೂ ಅಂದು ಪಾಯಸ ಮಾಡಿದಳು.

ನಾನು ನಡೆದೇ ಹೋಗಿ ಆಕೆಗೆ ಸುದ್ದಿ ಹೇಳಿದೆ. ಆಕೆ ಕೇಳಿದ್ದು ಒಂದೇ. "ಕಂಡೋಳು ಅಂತ ಬರ್ದವ್ರಾ?"

"ಬರೆದಿದ್ದಾರೆ."

"ನಾಕು ಜನದ ಮುಂದೆ ಓದ್ತಾರಾ?"

"ಓದುತ್ತಾರೆ."

ನಾನು ಒಂದು ಮುದುಕಿಯ ಕಣ್ಣನ್ನು ಪಣಕ್ಕಿಟ್ಟು ನನ್ನ ಪಾಪ ತೊಳೆದುಕೊಂಡೆನೇ ಎಂದು ಅನ್ನಿಸಿತು. "ಆಗಿದ್ದು ಆಯ್ತು ಬುಡಿ, ಹೋಗಾನ" ಎಂದಳು ಕೊನೆಗೆ.

ತುಮಕೂರಿನ ವೇದಿಕೆಯ ಮೇಲೆ ಆಕೆಯ ಹೆಸರು, ಊರು, ಕಂಡ ನೆಲೆಗಳು, ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಓದಿ ಮುಗಿಯುವ ತನಕ ಆಕೆ ಎರಡು ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಶಾಲು ಹೊದಿಸಿದಾಗ ಜನ ಚಪ್ಪಾಳೆ ತಟ್ಟಿದರು. ಓಬಕ್ಕ ಹಿಂದಿನ ಸಾಲಿನಿಂದ ತೆಲುಗಿನಲ್ಲಿ ಏನೋ ಕೂಗಿದಳು. ನಾನು ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮಾರನೆಯ ದಿನ ಬಸ್ಸಿನಲ್ಲಿ ವಾಪಸು ಹೊರಟೆವು. ದಾರಿಯುದ್ದಕ್ಕೂ ಆಕೆ ಕಿಟಕಿಯ ಕಡೆ ತಿರುಗಲಿಲ್ಲ, ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದಳು. ಬಸ್ಸು ಒಂದು ಕಡೆಯೂ ನಿಲ್ಲಲಿಲ್ಲ. ಚಿತ್ತೆ ಮಳೆ ಹಿಂದಿನ ದಿನ ಬಿದ್ದಿತ್ತು. ಊರಿಗೆ ಇನ್ನೂ ಅರ್ಧ ಮೈಲಿ ಇದೆ ಎನ್ನುವಾಗ, "ನಿಲ್ಸಪ್ಪಾ" ಎಂದಳು. ಹುರುಳಿಗೆಂದು ಉತ್ತ ಹೊಲ. ಸಂಜೆಯ ಇಳಿಬಿಸಿಲು. ಕಲ್ಲು ಕಂಡು ಇಳಿದದ್ದಲ್ಲ, ಕಾಣುತ್ತದೆಯೋ ಇಲ್ಲವೋ ಎಂದು ಇಳಿದದ್ದು. ನಮ್ಮ ಹಿಂದೆ ಬಸ್ಸಿನವರೂ ಇಳಿದು ಬದುವಿನ ಮೇಲೆ ನಿಂತರು.

ಹೆಗಲ ಮೇಲೆ ಶಾಲು, ಬೆನ್ನ ಹಿಂದೆ ಕೈ. ಬಿಸಿಲಿಗೆ ಮುಖ ಕೊಟ್ಟು ಆಕೆ ಒಂದು ಸಾಲು ನಡೆದಳು. ಏನೂ ಇಲ್ಲ. ತಿರುಗಿ ಬಂದು ಎರಡನೆಯ ಸಾಲು ಹಿಡಿದಳು. ಏನೂ ಇಲ್ಲ. ಓಬಕ್ಕ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದಳು. ಮದುವೆಮನೆಯ ಅತ್ತೆ ನನ್ನ ಕಣ್ಣ ಮುಂದೆ ಬಂದಳು. ದೇವರೇ, ನನ್ನ ಸರ್ವೀಸನ್ನೇ ಬೇಕಾದರೂ ತೆಗೆದುಕೋ ಎಂದು ಬೇಡಿಕೊಂಡೆ. ಮೂರನೆಯ ಸಾಲಿನ ಅರ್ಧಕ್ಕೆ ಬಂದವಳು ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ಬಲಗಾಲು ಮುಂದೆ ಬಂತು, ಹೆಬ್ಬೆರಳು ಚಾಚಿತು.

ನಾನು ಕೆಸರಿನಲ್ಲಿ ಬಿದ್ದೆದ್ದು ಓಡಿದೆ. ಆಕೆ ನನ್ನನ್ನು ನೋಡಿ, ಕೆಂಪು ಹಲ್ಲು ತೋರಿಸಿ ನಕ್ಕಳು.

"ಎತ್ಕಳಿ ಬುದ್ಧಿ" ಎಂದಳು. "ಈ ಸಲ ಹೆಸ್ರು ಸರ್ಯಾಗಿ ಬರ್ಕಳಿ."